ವೃದ್ಧಾಶ್ರಮದಲ್ಲಿ ಹಿರಿಯರಿಗೆ ನೆಮ್ಮದಿ ಯಾವುದರಿಂದ?



ಕಳೆದ ಸಂಚಿಕೆಯಲ್ಲಿ ಟೊಮೇಟೊ ಗಿಡಕ್ಕೆ ಬರುವ ಎಲೆಮುದುರು ರೋಗದ ಬಗ್ಗೆ ಬರೆದಿದ್ದೆ. ಈ ಸಲ ಎಲೆಕೋಸಿನ ಹುಳುವಿನ ವಿಷಯ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಅದನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇನೆ, ಕ್ಷಮಿಸಬೇಕು. ಕಳೆದ ಎರಡು ತಿಂಗಳಲ್ಲಿ ಮೂರು ಮನೆಯವರು ಬಲಿಪೂಜೆ ಮುಗಿದ ಮೇಲೆ ಗುರುಮನೆಯ ಜಗುಲಿಗೆ ಬಂದು ಹೆಚ್ಚುಕಡಿಮೆ ಒಂದೇ ಮಾತು ಕೇಳಿದರು. "ಸ್ವಾಮಿ, ಅಪ್ಪನನ್ನು ಎಲ್ಲಾದರೂ ಆಶ್ರಮಕ್ಕೆ ಸೇರಿಸೋಣ ಅಂತಿದ್ದೇವೆ. ಒಳ್ಳೆಯದು ಯಾವುದು?" ಒಬ್ಬರು ಅಪ್ಪನ ಬದಲು ಅತ್ತೆ ಎಂದರು, ಅಷ್ಟೇ ವ್ಯತ್ಯಾಸ. ಮೂವರೂ ತಲೆ ತಗ್ಗಿಸಿಕೊಂಡೇ ಕೇಳಿದರು.

ತಲೆ ತಗ್ಗಿಸಬೇಕಾದ ವಿಷಯ ಎಂದು ನಾನು ಹೇಳುವುದಿಲ್ಲ. ಮಗ ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಸೊಸೆ ಗುಲಾಬಿ ಹೂವಿನ ಪಾಲಿಹೌಸಿನಲ್ಲಿ ದಿನಗೂಲಿ, ಮಕ್ಕಳು ಬೆಂಗಳೂರಿನಲ್ಲಿ ಓದು. ಹಗಲೆಲ್ಲ ಮನೆಯಲ್ಲಿ ಮುದುಕರೊಬ್ಬರೇ. ಬಿದ್ದರೆ ಎತ್ತುವವರಿಲ್ಲ. 2011ರ ಜನಗಣತಿಯಲ್ಲೇ ತಮಿಳುನಾಡಿನ ಪ್ರತಿ ನೂರು ಜನರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಅರವತ್ತು ದಾಟಿದವರಿದ್ದರು. ಹಿಂದೆ ಒಂದೊಂದು ಮನೆಯಲ್ಲಿ ಆರೇಳು ಮಕ್ಕಳಿರುತ್ತಿದ್ದರು, ಒಬ್ಬನಲ್ಲದಿದ್ದರೆ ಇನ್ನೊಬ್ಬ ನೋಡಿಕೊಳ್ಳುತ್ತಿದ್ದ. ಈಗ ಒಬ್ಬ ಅಥವಾ ಇಬ್ಬರು. ಹೀಗಿರುವಾಗ ಆಶ್ರಮ ಎಂಬ ಮಾತು ನಮ್ಮ ಹಳ್ಳಿಗಳಿಗೂ ಬಂದೇ ಬರುತ್ತದೆ. ಬಂದ ಮೇಲೆ ಅದನ್ನು ತಿಳಿದು ಮಾಡುವುದು ಒಳ್ಳೆಯದು.

ಒಂದು ಪದದ ಗೊಂದಲವನ್ನು ಮೊದಲು ಬಿಡಿಸಿಬಿಡುತ್ತೇನೆ. ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೋ ಆಪರೇಷನ್ನಿಗೋ ಹೋಗುವ ಸಣ್ಣ ಖಾಸಗಿ ಆಸ್ಪತ್ರೆ. ಅಮೇರಿಕ, ಇಂಗ್ಲೆಂಡ್ ದೇಶಗಳಲ್ಲಿ ಅದೇ ಹೆಸರು ಬೇರೆ ಅರ್ಥದಲ್ಲಿದೆ. ತಾವಾಗಿ ಸ್ನಾನ, ಊಟ, ಬಟ್ಟೆ ಮಾಡಿಕೊಳ್ಳಲಾಗದ ವೃದ್ಧರು ದಾದಿಯರ ಆರೈಕೆಯಲ್ಲಿ ವರ್ಷಗಟ್ಟಲೆ ವಾಸ ಮಾಡುವ ಮನೆ ಅದು. ನಮ್ಮ ವೃದ್ಧಾಶ್ರಮಗಳಲ್ಲಿ ಹಾಸಿಗೆ ಹಿಡಿದವರನ್ನೂ ನೋಡಿಕೊಳ್ಳುವವು ಅದಕ್ಕೆ ಹತ್ತಿರ. ಈ ಲೇಖನದಲ್ಲಿ ಆಶ್ರಮ ಎಂದಾಗ ನಾನು ಹೇಳುವುದು ಅಂಥದ್ದನ್ನೇ.

ಈಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಸುಮಾರು ಹನ್ನೆರಡು ವರ್ಷದ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಒಬ್ಬ ಅಜ್ಜನಿದ್ದರು. ಎರಡು ಎಕರೆ ಹೊಲ, ರಾಗಿ, ಸಾಲಿನಲ್ಲಿ ಅವರೆ, ಬದುವಿನಲ್ಲಿ ಹುಚ್ಚೆಳ್ಳು. ಹೆಂಡತಿ ತೀರಿಹೋಗಿದ್ದರು. ಕಾಲು ಮುರಿದು ಆಪರೇಷನ್ ಆಯಿತು. ಮಗನಿಗೆ ಹೊಸೂರಿನಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆ, ಮೆಟ್ಟಿಲು ಹತ್ತಲಾಗದು. ಹೊಲವನ್ನು ಹೂವಿನವರಿಗೆ ಗುತ್ತಿಗೆ ಕೊಟ್ಟಾಗಿತ್ತು. ಮಗ ನನ್ನ ಬಳಿ ಬಂದು ಅತ್ತ. ನಾನು ಎರಡು ಗಂಟೆ ದಾರಿಯಲ್ಲಿದ್ದ ಒಂದು ಆಶ್ರಮದಲ್ಲಿ ಮಾತನಾಡಿ ಜಾಗ ಮಾಡಿಸಿದೆ. ನಡೆಸುವವರು ಒಳ್ಳೆಯ ಜನ. ಸುಣ್ಣ ಬಣ್ಣ ಹೊಡೆದ ಕಟ್ಟಡ, ಕಬ್ಬಿಣದ ಮಂಚ, ಫ್ಯಾನು, ಟಿ.ವಿ., ವಾರಕ್ಕೊಮ್ಮೆ ಡಾಕ್ಟರು. ಎಲ್ಲಾ ಏರ್ಪಾಡಾದ ಮೇಲೆ, ಹೊರಡುವ ಹಿಂದಿನ ದಿನ ಸಂಜೆ, ಅಜ್ಜನಿಗೆ ಹೇಳಿದೆವು. "ಆಗಲಿ ಸ್ವಾಮಿ" ಎಂದರು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಒಂದು ತಿಂಗಳಾದ ಮೇಲೆ ನೋಡಲು ಹೋದೆ. "ಹೇಗಿದ್ದೀರಿ?" "ಚೆನ್ನಾಗಿದ್ದೀನಿ ಸ್ವಾಮಿ, ಎಲ್ಲಾ ಚೆನ್ನಾಗಿದೆ." ಸಂತೋಷವಾಗಿ ಹಿಂದಿರುಗಿದೆ. ಮೂರನೆಯ ತಿಂಗಳಲ್ಲಿ ಆಶ್ರಮದಿಂದ ಫೋನು ಬಂತು. ಅಜ್ಜ ಸೊರಗುತ್ತಿದ್ದಾರೆ, ಊಟ ಬಿಡುತ್ತಾರೆ, ರಾತ್ರಿ ಮೂರು ಗಂಟೆಗೆ ಎದ್ದು ಓಡಾಡುತ್ತಾರೆ, ಇತರರಿಗೆ ನಿದ್ದೆಯಿಲ್ಲ, ಡಾಕ್ಟರು ನಿದ್ದೆ ಮಾತ್ರೆ ಕೊಟ್ಟಿದ್ದಾರೆ, ನೆನ್ನೆ ಬಚ್ಚಲಲ್ಲಿ ಬಿದ್ದರು ಎಂದು. ನಾನು ಹೊರಟಾಗ ಅವರ ಊರಿನ ನೆರೆಮನೆಯ ಅಜ್ಜಿಯೊಬ್ಬರು ತಾವೂ ಬರುತ್ತೇನೆ ಎಂದು ಜೀಪು ಹತ್ತಿದರು.

ಆಕೆ ಹೇಗಿದ್ದೀಯ ಎಂದು ಕೇಳಲೇ ಇಲ್ಲ. ಮಂಚದ ಮೇಲೆ ಕೂತು, "ನೆನ್ನೆ ಏನ್ ಸಾರು ಮಾಡಿದ್ರು?" ಎಂದರು. ಅಜ್ಜ ಒಂದು ಗಂಟೆ ಮಾತನಾಡಿದರು. ನಾಲ್ಕು ಗಂಟೆಗೆ ಎದ್ದರೆ ಎಂಟು ಗಂಟೆಯ ಇಡ್ಲಿವರೆಗೆ ಹೊಟ್ಟೆಗೆ ಏನೂ ಇಲ್ಲ. ಎರಡು ಹೊತ್ತೂ ಅನ್ನ, ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕೆಲಸದವರ ಮಾತು ಇವರಿಗೆ ಅರ್ಥವಾಗದು, ಇವರದು ಅವರಿಗೆ ಅರ್ಥವಾಗದು. ಬಟ್ಟೆಯನ್ನು ಎಲ್ಲರದೂ ಒಟ್ಟಿಗೆ ಒಗೆದು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. "ಯಾರದೋ ಅಂಗಿ ಹಾಕ್ಕೊಂಡು ಕೂತಿದೀನಿ" ಎಂದು ಅಂಗಿಯನ್ನು ಎಳೆದು ತೋರಿಸಿದರು. ಕಿಟಕಿಗೆ ಎದುರಾಗಿ ಗೋಡೆ ಇದೆ, ಮಳೆ ಬಂತೋ ಇಲ್ಲವೋ ಗೊತ್ತಾಗುವುದಿಲ್ಲ. ಬಂದು ಮೂರು ತಿಂಗಳಾಯಿತು, ಮಣ್ಣು ಮುಟ್ಟಿಲ್ಲ.

ಇಷ್ಟರಲ್ಲಿ ಯಾವುದೂ ದೊಡ್ಡ ಅನ್ಯಾಯವಲ್ಲ. ಯಾರೂ ಹೊಡೆದಿಲ್ಲ, ಬೈದಿಲ್ಲ. ಆದರೆ ಒಬ್ಬ ಮನುಷ್ಯ ಎಂಬತ್ತು ವರ್ಷ ಬದುಕಿದ ಕ್ರಮದಲ್ಲಿ ಒಂದೂ ಉಳಿದಿರಲಿಲ್ಲ, ಮತ್ತು ಯಾವುದನ್ನು ಉಳಿಸಬೇಕು ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಕೇಳದವರಲ್ಲಿ ನಾನೇ ಮೊದಲಿಗ. ಮೂರು ಗಂಟೆಗೆ ಏಳುವುದು ರೋಗ ಎಂದು ಬರೆದಿದ್ದರು. ಜವಳಗಿರಿ ಕಾಡಿನಂಚಿನ ರೈತನಿಗೆ ಅದು ರೋಗವೇ? ರಾಗಿ ತೆನೆ ಕಟ್ಟುವ ಕಾಲದಲ್ಲಿ ಆನೆ ಬರುತ್ತದೆಂದು ಅಟ್ಟಣೆಯ ಮೇಲೆ ಕಣ್ಣು ಬಿಟ್ಟು ಕೂತವರು ಅವರು. ಉಳಿದ ಕಾಲದಲ್ಲಿ ಹಾಲು ಕರೆಯಲು ನಾಲ್ಕಕ್ಕೆ ಎದ್ದವರು.

ನಿದ್ದೆ ಮಾತ್ರೆಯ ಬಗ್ಗೆ ಇಲ್ಲಿಯೇ ಒಂದು ಮಾತು. ವಯಸ್ಸಾದವರಲ್ಲಿ ಇಂಥ ಮಾತ್ರೆಗಳು ದೇಹದಿಂದ ಬೇಗ ಹೊರಹೋಗುವುದಿಲ್ಲ. ಬೆಳಗಿನವರೆಗೂ ಮಂಪರು, ತೂರಾಟ, ಗೊಂದಲ ಇರುತ್ತದೆ. ಬಿದ್ದು ಸೊಂಟದ ಮೂಳೆ ಮುರಿಯುವುದಕ್ಕೆ ಇದು ಒಂದು ದೊಡ್ಡ ಕಾರಣ. ಹಾಗೆಂದು ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವುದನ್ನು ತಟ್ಟನೆ ನಿಲ್ಲಿಸಬಾರದು, ಡಾಕ್ಟರನ್ನು ಕೇಳಿ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ನಿಮ್ಮ ತಂದೆತಾಯಿ ಯಾವ ಮಾತ್ರೆ, ಯಾಕಾಗಿ ತೆಗೆದುಕೊಳ್ಳುತ್ತಿದ್ದಾರೆ ಎಂದು ಕೇಳುವ ಹಕ್ಕು ನಿಮಗಿದೆ. ಸಂಕೋಚ ಪಡಬೇಡಿ.

ಹಿರಿಯರು ಆಶ್ರಮದಲ್ಲಿ ನಿಜವಾಗಿ ಬಯಸುವುದೇನು ಎಂಬುದನ್ನು ಬೇರೆ ದೇಶದವರು ಲೆಕ್ಕಹಾಕಿ ನೋಡಿದ್ದಾರೆ. 1985ರಲ್ಲಿ ಅಮೇರಿಕದ ಒಂದು ಸಂಘಟನೆ 15 ನಗರಗಳಲ್ಲಿ ಇಂಥ ಮನೆಗಳ ನಿವಾಸಿಗಳನ್ನೇ, ನಾನೂರಕ್ಕೂ ಹೆಚ್ಚು ಮಂದಿಯನ್ನು, ಕೂರಿಸಿಕೊಂಡು ಕೇಳಿತು. ಅವರು ಮೊದಲು ಹೇಳಿದ್ದು ಕಟ್ಟಡವನ್ನಲ್ಲ, ಔಷಧಿಯನ್ನೂ ಅಲ್ಲ. ನೋಡಿಕೊಳ್ಳುವವರ ನಡವಳಿಕೆ, ಅವರ ದಯೆ, ಅವರು ಸಾಕಷ್ಟು ಮಂದಿ ಇರುವುದು, ಪದೇಪದೇ ಬದಲಾಗದಿರುವುದು. ನಂತರ ಊಟ, ವಾತಾವರಣ, ತಮ್ಮ ಇಷ್ಟದಂತೆ ಇರುವ ಅವಕಾಶ ಇತ್ಯಾದಿ. ಎರಡು ವರ್ಷದ ನಂತರ, 1987ರಲ್ಲಿ, ಅಲ್ಲಿನ ಸರ್ಕಾರ ನಿವಾಸಿಗಳ ಹಕ್ಕುಗಳನ್ನು ಸೇರಿಸಿ ಹೊಸ ಕಾನೂನು ಮಾಡಿತು.

1997ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಕಣ್ಣು ತೆರೆಸಿತು. ರೋಸಲಿ ಕೇನ್ ಎಂಬ ವಿದ್ವಾಂಸೆ ಮತ್ತು ಅವರ ಜೊತೆಗಾರರು 25 ಮನೆಗಳಲ್ಲಿ 135 ನಿವಾಸಿಗಳನ್ನೂ 134 ಮಂದಿ ಆಯಾಗಳನ್ನೂ ಕೇಳಿದರು: ದಿನನಿತ್ಯದ ಯಾವ ವಿಷಯದಲ್ಲಿ ನಿವಾಸಿಯ ಇಷ್ಟ ನಡೆಯುವುದು ಮುಖ್ಯ? ಸಂಜೆಯ ಆಟ, ಹಾಡು, ಸಾಮೂಹಿಕ ಕಾರ್ಯಕ್ರಮ ಎಂದು ಆಯಾಗಳು ಹೇಳಿದರು. ನಿವಾಸಿಗಳು ಹೇಳಿದ್ದು, ಆಗಾಗ ಹೊರಗೆ ಹೋಗಿಬರಲು ಬಿಡುವುದು, ಮತ್ತು ಮನೆಯವರ ಜೊತೆ ಮಾತನಾಡಲು ಫೋನು. ನೋಡಿ, ದಿನವೂ ಮೈ ತೊಳೆಯುವ, ಊಟ ಮಾಡಿಸುವ ಕೈಗಳಿಗೇ ಅವರ ಮನಸ್ಸು ತಿಳಿದಿರಲಿಲ್ಲ. ಹಬ್ಬದ ದಿನ ನಾವೂ ಆಶ್ರಮಕ್ಕೆ ಹೋಗಿ ಕೇಕು ಕತ್ತರಿಸಿ, ಹಾಡು ಹಾಡಿ, ಫೋಟೋ ತೆಗೆದುಕೊಂಡು ಬರುತ್ತೇವಲ್ಲ, ಅದು ನೆನಪಾಗಿ ನನಗೆ ನಾಚಿಕೆಯಾಯಿತು.

ರೈತರಿಗೆ ಹಿಡಿಸುವಂಥ ಇನ್ನೊಂದು ಪ್ರಯೋಗವಿದೆ. ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಮೇರಿಕದ ಕನೆಕ್ಟಿಕಟ್ ರಾಜ್ಯದ ಒಂದು ಆಶ್ರಮದಲ್ಲಿ ಮಾಡಿ 1976ರಲ್ಲಿ ಪ್ರಕಟಿಸಿದ್ದು. ಒಂದು ಅಂತಸ್ತಿನವರಿಗೆ ನಿರ್ವಾಹಕರು, ನಿಮ್ಮ ಕೋಣೆ ಹೇಗಿರಬೇಕು ಎಂದು ನೀವೇ ತೀರ್ಮಾನಿಸಿ, ಸಿನಿಮಾ ಯಾವ ರಾತ್ರಿ ನೋಡುತ್ತೀರಿ ನೀವೇ ಹೇಳಿ, ಬೇಕಾದ ಗಿಡ ಆರಿಸಿಕೊಳ್ಳಿ, ನೀರು ಹಾಕುವುದು ನಿಮ್ಮ ಜವಾಬ್ದಾರಿ ಎಂದರು. ಇನ್ನೊಂದು ಅಂತಸ್ತಿನವರಿಗೂ ಗಿಡ ಕೊಟ್ಟರು, ಸಿನಿಮಾ ತೋರಿಸಿದರು. ಆದರೆ ಗಿಡಕ್ಕೆ ದಾದಿಯರೇ ನೀರು ಹಾಕಿದರು, ಸಿನಿಮಾದ ದಿನವನ್ನು ಅವರೇ ಗೊತ್ತುಮಾಡಿದರು. ಮೂರು ವಾರದಲ್ಲಿ ಮೊದಲನೆಯವರು ಹೆಚ್ಚು ಚುರುಕಾಗಿ, ಹೆಚ್ಚು ಸಂತೋಷವಾಗಿ ಕಂಡರು. ಹದಿನೆಂಟು ತಿಂಗಳ ನಂತರ ನೋಡಿದಾಗ ಮೊದಲ ಗುಂಪಿನಲ್ಲಿ ಸತ್ತವರು ಶೇಕಡ 15, ಎರಡನೆಯದರಲ್ಲಿ ಶೇಕಡ 30. ಈ ಸಾವಿನ ಲೆಕ್ಕವನ್ನು ಆಮೇಲೆ ಅವರೇ ತಿದ್ದಿ, ಅದರ ಮೇಲೆ ಹೆಚ್ಚು ಭಾರ ಹಾಕುವಂತಿಲ್ಲ ಎಂಬಂತಾಯಿತು, ಗುಂಪುಗಳೂ ಚಿಕ್ಕವು. ಗಿಡ ಸಾಕಿದರೆ ಸಾವು ದೂರ ಎಂದು ನಾನು ಹೇಳುತ್ತಿಲ್ಲ. ಆದರೆ ಮೊದಲ ಮೂರು ವಾರದ ಬದಲಾವಣೆ ನಮ್ಮ ಕೊಟ್ಟಿಗೆ, ಹಿತ್ತಲುಗಳಲ್ಲಿ ನಾವೇ ಕಂಡದ್ದು ತಾನೇ? ಕೋಲು ಹಿಡಿದು ನಡೆಯಲಾರದ ಅಜ್ಜಿ ಕೋಳಿ ಬಾ ಬಾ ಎಂದು ಕಾಳು ಎಸೆಯುವಾಗ ಹೇಗಿರುತ್ತಾರೆ ನೋಡಿ.

ನಮ್ಮ ಧರ್ಮಸಭೆಗೆ ಇದು ಹೊಸ ಪಾಠವೇನಲ್ಲ. ಬೆಂಗಳೂರಿನಲ್ಲಿ, ನಮ್ಮ ಹೊಸೂರಿನ ಹೆಸರನ್ನೇ ಹೊತ್ತಿರುವ ಹೊಸೂರು ರಸ್ತೆಯಲ್ಲಿ, ಲಿಟ್ಲ್ ಸಿಸ್ಟರ್ಸ್ ಆಫ್ ದ ಪೂರ್ ಸಭೆಯ ಧರ್ಮಭಗಿನಿಯರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಡ ವೃದ್ಧರ ಆಶ್ರಮ ನಡೆಸುತ್ತಿದ್ದಾರೆ. ಜಾತಿ ಮತ ನೋಡುವುದಿಲ್ಲ. ಈ ಸಭೆಯನ್ನು ಆರಂಭಿಸಿದವರು ಫ್ರಾನ್ಸಿನ ಜಾನ್ ಜುಗಾನ್ ಎಂಬಾಕೆ. 1792ರಲ್ಲಿ ಕಾಂಕಾಲ್ ಎಂಬ ಮೀನುಗಾರರ ಊರಿನಲ್ಲಿ ಹುಟ್ಟಿದವರು, ಮನೆಗೆಲಸ ಮಾಡಿ ಬದುಕಿದವರು. 1839ರ ಚಳಿಗಾಲದಲ್ಲಿ ಒಬ್ಬ ಕುರುಡಿ ವಿಧವೆಯನ್ನು ತಮ್ಮ ಬಾಡಿಗೆ ಮನೆಗೆ ಹೊತ್ತು ತಂದು, ತಮ್ಮ ಹಾಸಿಗೆಯಲ್ಲೇ ಮಲಗಿಸಿ, ತಾವು ಅಟ್ಟದ ಮೇಲೆ ಮಲಗಿದರು. ಅಲ್ಲಿಂದ ಶುರು. ಮನೆಯಲ್ಲಿ ವೃದ್ಧೆಯರು ಹೆಚ್ಚಾದಾಗ ಅನ್ನಕ್ಕೆ ದಾರಿಯಿಲ್ಲ. ಅವರಲ್ಲಿ ಬಹಳ ಮಂದಿ ಮೊದಲು ಭಿಕ್ಷೆ ಬೇಡುತ್ತಿದ್ದವರು. ಜಾನ್ ಅವರನ್ನೇ ಕೇಳಿದರು, ನಿಮಗೆ ಯಾರು ಯಾರು ಕೊಡುತ್ತಿದ್ದರು? ಆ ಮನೆಗಳ ಗುರುತು ತಿಳಿದುಕೊಂಡು, ಬುಟ್ಟಿ ಹಿಡಿದು, ಅವರ ಬದಲು ತಾವೇ ಬೇಡಲು ಹೋದರು. ಈ ಸಂಗತಿಯನ್ನು ನಾನು ಸೆಮಿನರಿಯಲ್ಲಿ ಓದಿದಾಗ ದೀನತೆಯ ಉದಾಹರಣೆ ಎಂದಷ್ಟೇ ತಿಳಿದೆ. ಈಗ ಇನ್ನೊಂದು ಕಾಣುತ್ತದೆ. ಆ ಮುದುಕಿಯರಿಗೆ ಗೊತ್ತಿದ್ದ ಒಂದು ವಿದ್ಯೆ ಇತ್ತು, ಯಾರ ಬಾಗಿಲು ತೆರೆಯುತ್ತದೆ ಎಂಬುದು. ಜಾನ್ ಅದನ್ನು ಅವರಿಂದ ಕೇಳಿ ಕಲಿತರು.

ಜಾನ್ ಜುಗಾನರ ಕಡೆಯ ಕಾಲವೂ ಗಮನಿಸಬೇಕಾದದ್ದು. ಅವರನ್ನು ಅಧಿಕಾರದಿಂದ ಇಳಿಸಿ, 1852ರಿಂದ 1879ರಲ್ಲಿ ತೀರಿಕೊಳ್ಳುವವರೆಗೆ, 27 ವರ್ಷ ಮೂಲೆಯಲ್ಲಿರಿಸಿದರು. ಆ ಮನೆಯ ಎಳೆಯ ಸಿಸ್ಟರುಗಳಿಗೆ ಈಕೆಯೇ ಸಂಸ್ಥಾಪಕಿ ಎಂದು ಗೊತ್ತೇ ಇರಲಿಲ್ಲ. ವಯಸ್ಸಾದವರ ಪಾಲಕಿಯೇ ಮರೆತುಹೋದ ಮುದುಕಿಯಾಗಿ ಬದುಕಿದರು. 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವರನ್ನು ಸಂತರೆಂದು ಘೋಷಿಸಿದರು.

ಸಂತ ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯದಲ್ಲಿ ಪುನರುತ್ಥಾನರಾದ ಪ್ರಭು ಪೇತ್ರನಿಗೆ ಅವನ ಮುಪ್ಪಿನ ವಿಷಯ ಹೇಳುತ್ತಾರೆ. ಬೇರೊಬ್ಬರು ಅವನ ನಡು ಕಟ್ಟಿ, ಅವನಿಗೆ ಇಷ್ಟವಿಲ್ಲದ ಕಡೆ ನಡೆಸಿಕೊಂಡು ಹೋಗುವ ಕಾಲ ಬರುತ್ತದೆಂದು. ಅದು ಅವನ ರಕ್ತಸಾಕ್ಷಿ ಮರಣದ ಸೂಚನೆ ಎಂದು ಶುಭಸಂದೇಶಕಾರರೇ ವಿವರಿಸುತ್ತಾರೆ. ಆದರೂ ಆ ಅಜ್ಜನನ್ನು ಜೀಪು ಹತ್ತಿಸಿದ ದಿನವನ್ನು ನೆನೆದಾಗಲೆಲ್ಲ ನನಗೆ ಈ ಭಾಗವೇ ನೆನಪಿಗೆ ಬರುತ್ತದೆ. ನಡು ಕಟ್ಟಿದವನು ನಾನು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಳ್ಳೆಯದು ಯಾವುದೆಂದು ತಿಳಿಯುವುದು ಹೇಗೆ? ಅಲ್ಲಿರುವವರನ್ನು ಚೆನ್ನಾಗಿದ್ದೀರಾ ಎಂದು ಕೇಳಿ ಪ್ರಯೋಜನವಿಲ್ಲ. ನೂರಕ್ಕೆ ತೊಂಬತ್ತು ಮಂದಿ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಕೆಲವರಿಗೆ ದಾಕ್ಷಿಣ್ಯ, ಕೆಲವರಿಗೆ ದೂರು ಹೇಳಿದರೆ ರಾತ್ರಿ ಕರೆದಾಗ ಯಾರೂ ಬರಲಾರರೆಂಬ ಭಯ, ಇನ್ನು ಕೆಲವರಿಗೆ ಇದಕ್ಕಿಂತ ಹೆಚ್ಚು ಕೇಳುವ ಯೋಗ್ಯತೆ ತಮಗಿಲ್ಲ ಎಂಬ ಭಾವನೆ. ಹೊಟ್ಟೆ ತುಂಬದ ಮಗು ಅಳುತ್ತದೆ, ಮುದುಕರು ಅಳುವುದಿಲ್ಲ. ಆ ಅಜ್ಜಿಯ ಹಾಗೆ ಕೇಳಬೇಕು. ನೆನ್ನೆ ಸಾರು ಏನು? ರಾತ್ರಿ ಎದ್ದರೆ ಯಾರು ಬರುತ್ತಾರೆ, ಅವರ ಹೆಸರೇನು? ಕಡೆಯ ಸಲ ಅಂಗಳಕ್ಕೆ ಹೋಗಿದ್ದು ಯಾವಾಗ?

ಹೇಳಿ ಹೋಗಬೇಡಿ, ಹೇಳದೆ ಹೋಗಿ. ಅದೂ ಬೆಳಿಗ್ಗೆ ಹತ್ತು ಗಂಟೆಗೆ ಬೇಡ, ಸಂಜೆ ಏಳರ ಹೊತ್ತಿಗೆ. ಬಾಗಿಲಲ್ಲಿ ಫಿನಾಯಿಲ್ ವಾಸನೆ ಇದ್ದರೆ ಸಂತೋಷ, ಆದರೆ ಒಳಗೆ ಹಾಸಿಗೆಯ ಹತ್ತಿರ ಮೂತ್ರದ ವಾಸನೆ ಇದೆಯೇ ನೋಡಿ. ಉಗುರು ಕತ್ತರಿಸಿದೆಯೇ, ಕನ್ನಡಕ ಮೂಗಿನ ಮೇಲಿದೆಯೋ ಬೀರುವಿನಲ್ಲಿದೆಯೋ, ಕುಡಿಯುವ ನೀರು ಕೈಗೆ ಎಟಕುವ ಕಡೆ ಇದೆಯೇ. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದು ಕಡಿಮೆ. ನೀರು ಎರಡು ಮಾರು ದೂರವಿದ್ದರೆ ಕುಡಿಯುವುದಿಲ್ಲ, ಆಮೇಲೆ ಮಲಬದ್ಧತೆ, ಮೂತ್ರದ ಉರಿ, ಗೊಂದಲ. ಹಾಸಿಗೆ ಹಿಡಿದವರಿದ್ದರೆ ಬೆನ್ನು, ಹಿಮ್ಮಡಿ ನೋಡಲು ಕೇಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಮನೆಯಲ್ಲಿ ಹಾಸಿಗೆ ಹುಣ್ಣು ಅಪರೂಪ. ಕೆಲಸದವರನ್ನು ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿ. ಎಲ್ಲರೂ ಆರು ತಿಂಗಳೊಳಗೆ ಬಂದವರಾದರೆ ಯೋಚಿಸಿ. ಅವರಿಗೆ ಸಂಬಳ ಸರಿಯಾಗಿ ಸಿಗದ ಮನೆಯಲ್ಲಿ ಮುದುಕರಿಗೆ ದಯೆ ಸಿಗುವುದು ಕಷ್ಟ, ಇದನ್ನು ಧರ್ಮಸಂಸ್ಥೆಗಳನ್ನು ನಡೆಸುವ ನಾವೂ ನೆನಪಿಡಬೇಕು.

ಭಾಷೆಯನ್ನು ಮರೆಯಬೇಡಿ. ನಮ್ಮ ತಳಿಯ ಜನ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಎಂದು ಮೂರರಲ್ಲೂ ಈಜುತ್ತಾರೆ, ಅದು ನಮ್ಮ ಹೆಮ್ಮೆ. ಆದರೆ ಮರೆವಿನ ರೋಗ ಬಂದವರಲ್ಲಿ ಆಮೇಲೆ ಕಲಿತ ಭಾಷೆಗಳು ಮೊದಲು ಹೋಗಿ ತಾಯ್ನುಡಿ ಕಡೆಗೆ ಉಳಿಯುವುದು ಸಾಮಾನ್ಯ. ಐವತ್ತು ವರ್ಷ ತಮಿಳಿನಲ್ಲಿ ವ್ಯಾಪಾರ ಮಾಡಿದವರು ಎಂಬತ್ತರಲ್ಲಿ ಕನ್ನಡದಲ್ಲೇ ನೀರು ಕೇಳಬಹುದು. ಕೇಳಿಸಿಕೊಳ್ಳುವ ಒಬ್ಬರಾದರೂ ಅಲ್ಲಿರಬೇಕು. ಪಾಪನಿವೇದನೆಗೂ ವ್ಯಾಧಿಸ್ಥರ ಅಭ್ಯಂಗಕ್ಕೂ ಅವರ ನುಡಿ ಬಲ್ಲ ಗುರುಗಳು ಬೇಕೆಂದು ಮೊದಲೇ ಹೇಳಿಡಿ. ಕಿವಿ ಮಂದವಾಗಿದ್ದರೆ ಸೇರಿಸುವ ಮುಂಚೆ ಡಾಕ್ಟರಿಗೆ ತೋರಿಸಿ. ಎಷ್ಟೋ ಸಲ ಗುಗ್ಗೆ ತೆಗೆಸಿದರೆ ಸಾಕಾಗಿರುತ್ತದೆ. ಕೇಳಿಸದವರನ್ನು ಬುದ್ಧಿ ಮಂಕಾದವರೆಂದು ಬರೆದುಬಿಡುತ್ತಾರೆ.

ಊಟದ ಬಗ್ಗೆ. ಮುದ್ದೆ ಕೇಳುವುದು ಹಠವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಅದರ ಸಣ್ಣ ಪಾಲೂ ಇಲ್ಲ. ಹಲ್ಲಿಲ್ಲದವರಿಗೆ ಅಗಿಯದೆ ನುಂಗುವ ಮುದ್ದೆ ಅನುಕೂಲ. ಆದರೆ ಪಾರ್ಶ್ವವಾಯು ಬಡಿದು ನುಂಗಲು ಕಷ್ಟವಾದವರಿಗೆ ಮುದ್ದೆ ಅಪಾಯ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಅವರಿಗೆ ತೆಳುವಲ್ಲದ ಗಂಜಿ ಕೊಡಬೇಕು, ನೆಟ್ಟಗೆ ಕೂರಿಸಿ ಕೊಡಬೇಕು. ರಾಗಿಯೊಂದೇ ಸಾಲದು. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಗ್ರಾಂಗೆ ಕಡಿಮೆಯಿಲ್ಲದಂತೆ ಪ್ರೋಟೀನು ಬೇಕು. ಮೂತ್ರಪಿಂಡದ ಕಾಯಿಲೆಯವರು ಮಾತ್ರ ಡಾಕ್ಟರನ್ನು ಕೇಳಬೇಕು. ಹುರುಳಿ ಕಟ್ಟಿನ ಸಾರು, ಹಿತಕವರೆ, ಮೊಟ್ಟೆ, ಮಜ್ಜಿಗೆ, ಇವೆಲ್ಲ ನಮ್ಮ ಹೊಲ ಹಟ್ಟಿಗಳಲ್ಲೇ ಇವೆ. ಆಶ್ರಮಕ್ಕೆ ತಿಂಗಳಿಗೊಮ್ಮೆ ಹಣ ಕಟ್ಟುವವರು ಐದು ಸೇರು ಹುರುಳಿಯನ್ನೂ ಕೊಂಡೊಯ್ದರೆ ಯಾರೂ ಬೇಡ ಎನ್ನುವುದಿಲ್ಲ.

ಹೊಲದ ವಿಷಯವನ್ನು ಹೇಳದೆ ಬಿಡುವಂತಿಲ್ಲ, ಯಾಕೆಂದರೆ ಅಸಂತೋಷದ ಬೇರು ಅನೇಕ ಸಲ ಅಲ್ಲಿರುತ್ತದೆ. ಸೆಟ್ಲ್‌ಮೆಂಟ್ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಆರು ತಿಂಗಳೊಳಗೆ ಆಶ್ರಮಕ್ಕೆ ತಂದುಬಿಟ್ಟರೆ, ಅಲ್ಲಿ ಚಿನ್ನದ ತಟ್ಟೆಯಲ್ಲಿ ಊಟ ಹಾಕಿದರೂ ಸೇರುವುದಿಲ್ಲ. 2007ರಲ್ಲಿ ಕೇಂದ್ರ ಸರ್ಕಾರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಮಾಡಿದೆ. ಅದರ 23ನೇ ಸೆಕ್ಷನ್ ಪ್ರಕಾರ, ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹಿರಿಯರು ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಬಹುದು. 2022ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ಷರತ್ತು ಇತ್ತೆಂದು ತೋರಿಸಬೇಕು ಎಂದಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಈ ಕಾಯ್ದೆ ಇರುವುದೇ ಹಿರಿಯರ ಹಿತಕ್ಕಾಗಿ, ಉದಾರವಾಗಿ ಓದಬೇಕು ಎಂದು ಹೇಳಿ ಒಬ್ಬ ತಾಯಿಗೆ ಆಸ್ತಿ ಹಿಂದಿರುಗಿಸಿತು. ಆದ್ದರಿಂದ ಬರೆದುಕೊಡುವವರು ಷರತ್ತನ್ನು ಪತ್ರದಲ್ಲೇ ಬರೆಸಿ. ಪೋಷಣೆಯ ಹಣಕ್ಕೂ ಅರ್ಜಿ ಹಾಕಬಹುದು, ವಕೀಲರು ಬೇಕಾಗಿಲ್ಲ, ನಮ್ಮ ಕಡೆಯವರು ಹೊಸೂರಿನ ಉಪ ಕಲೆಕ್ಟರ್ ಕಚೇರಿಯಲ್ಲಿ ವಿಚಾರಿಸಬೇಕು. ಫೋನಿನಲ್ಲಿ ಸಲಹೆ ಬೇಕಾದರೆ ಹಿರಿಯರ ಸಹಾಯವಾಣಿಯ ಸಂಖ್ಯೆ 14567, ಕರೆ ಉಚಿತ. ಇದನ್ನು ಓದಿ ಕೆಲವು ಗಂಡುಮಕ್ಕಳಿಗೆ ನನ್ನ ಮೇಲೆ ಕೋಪ ಬರಬಹುದು. ಬರಲಿ.

ಆಶ್ರಮವೇ ಬೇಕೆಂದೇನೂ ಇಲ್ಲ ಎಂಬುದನ್ನೂ ನೋಡಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮನೆಬಾಗಿಲಿಗೇ ತಂದುಕೊಡುವ, ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಶುಶ್ರೂಷೆ, ಫಿಸಿಯೋಥೆರಪಿ ಕೊಡುವ ಮಕ್ಕಳೈ ತೇಡಿ ಮರುತ್ತುವಂ ಯೋಜನೆಯನ್ನು ಸರ್ಕಾರ 2021ರ ಆಗಸ್ಟ್ 5ರಂದು ಉದ್ಘಾಟಿಸಿದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿ ಗ್ರಾಮದಲ್ಲೇ. ಎಷ್ಟೋ ಮನೆಯವರು ಕೇಳಿಯೇ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಕೊಡಿ. ಹಗಲು ನಾಲ್ಕು ಗಂಟೆ ಯಾರಾದರೂ ಜೊತೆಗಿದ್ದರೆ ಮನೆಯಲ್ಲೇ ಇರಬಲ್ಲವರು ನಮ್ಮಲ್ಲಿ ಹತ್ತಾರು ಮಂದಿ ಇದ್ದಾರೆ. ಇನ್ನೊಂದು ಕಡೆ, ಮನೆಯಲ್ಲಿದ್ದೇ ಆಶ್ರಮಕ್ಕಿಂತ ಕಡೆಯಾಗಿ ಇರುವವರೂ ಇದ್ದಾರೆ. ಕೊಟ್ಟಿಗೆಯ ಪಕ್ಕದ ಕೋಣೆ, ಒಂದು ಹೊತ್ತು ತಟ್ಟೆ ತಂದಿಟ್ಟು ಹೋಗುವುದು, ಮಾತಿಲ್ಲ. ಹೆಸರು ಹೇಳುವುದಿಲ್ಲ, ಪರಮಪ್ರಸಾದ ಕೊಡಲು ಹೋದಾಗ ಕಂಡದ್ದು.

ಆ ಅಜ್ಜನ ಕಥೆಯನ್ನು ಮುಗಿಸಬೇಕು. ಆಶ್ರಮದವರು ನಮ್ಮ ಮಾತನ್ನು ಬೇಸರಿಸದೆ ಕೇಳಿದರು. ಅಡುಗೆಯವನಿಗೆ ರಾಗಿ ಸಂಗಟಿ ಮಾಡಲು ಬರುತ್ತಿತ್ತಂತೆ, ಯಾರೂ ಕೇಳಿರಲಿಲ್ಲ ಅಷ್ಟೇ. ವಾರಕ್ಕೆ ಮೂರು ದಿನ ಶುರುವಾಯಿತು, ಇನ್ನೂ ಏಳೆಂಟು ಮಂದಿ ತಮಗೂ ಬೇಕೆಂದರು. ರಾತ್ರಿ ಪಾಳಿಯ ಹುಡುಗಿ ಫ್ಲಾಸ್ಕಿನಲ್ಲಿ ಕಾಫಿ ಇಟ್ಟು ಮಲಗತೊಡಗಿದಳು. ಅಜ್ಜಿ ಅವರ ಎರಡು ಅಂಗಿಗಳ ಕೊರಳಿಗೆ ಕೆಂಪು ದಾರದಲ್ಲಿ ಗುರುತು ಹೊಲಿದರು. ಮಂಚವನ್ನು ಅಂಗಳದ ಕಿಟಕಿಗೆ ಸರಿಸಿದರು. ಹಿಂದೆ ಕಸ ಹಾಕುತ್ತಿದ್ದ ಜಾಗದಲ್ಲಿ ನಾಲ್ಕು ಗುಣಿ ತೆಗೆದು ಅವರೆ, ಒಂದು ಕುಂಬಳ ಹಾಕಿಸಿದೆವು. ಕುರ್ಚಿಯಲ್ಲಿ ಕೂತೇ ನೀರು ಬಿಡುತ್ತಿದ್ದರು. ಡಾಕ್ಟರು ಎರಡು ತಿಂಗಳಲ್ಲಿ ಮಾತ್ರೆ ನಿಲ್ಲಿಸಿದರು. ಒಟ್ಟು ಖರ್ಚು ಐನೂರು ರೂಪಾಯಿ ದಾಟಲಿಲ್ಲ. ಮುಂದೆ ನಾನು ಹೋದಾಗ ಹೇಗಿದ್ದೀರಿ ಎನ್ನಲಿಲ್ಲ, ಅವರೆ ಹೂ ಬಿಟ್ಟಿತೇ ಎಂದೆ. ಹುಳು ಬಿದ್ದಿದೆ, ಬೂದಿ ಹಾಕಿದೀನಿ ಎಂದರು. "ಊರಿನ ಹಂಗಲ್ಲ ಸ್ವಾಮಿ. ಆದ್ರೂ ಪರವಾಗಿಲ್ಲ" ಎಂದು ತಾವಾಗಿಯೇ ಸೇರಿಸಿದರು. ಮೊದಲ ಸಲದ ಚೆನ್ನಾಗಿದೆಗಿಂತ ಈ ಪರವಾಗಿಲ್ಲ ನನಗೆ ಹೆಚ್ಚು ನಂಬಿಕೆಯಾಯಿತು. ಮೂರು ವರ್ಷ ಇದ್ದು ಅಲ್ಲಿಯೇ ತೀರಿಕೊಂಡರು. ಮಣ್ಣು ಎಲ್ಲಿ ಎಂದು ಆ ಹೊತ್ತಿಗೆ ನಾನು ಕೇಳಿಟ್ಟುಕೊಂಡಿದ್ದೆ. ಹೆಂಡತಿಯ ಪಕ್ಕದಲ್ಲಿ ಎಂದಿದ್ದರು. ಹಾಗೆಯೇ ಮಾಡಿದೆವು.

ಪೋಪ್ ಫ್ರಾನ್ಸಿಸ್ 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು, ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬಕ್ಕೆ ಹತ್ತಿರವಾಗಿ, ಅಜ್ಜಅಜ್ಜಿಯರ ಹಾಗೂ ವೃದ್ಧರ ವಿಶ್ವದಿನವೆಂದು ಗೊತ್ತುಮಾಡಿದರು. ಆ ದಿನ ಎರಡನೆಯ ಬಲಿಪೂಜೆಯಾದ ಮೇಲೆ ನಮ್ಮ ಧರ್ಮಕೇಂದ್ರದಿಂದ ವ್ಯಾನು ಹೊರಡುತ್ತದೆ, ಹದಿನಾಲ್ಕು ಜನಕ್ಕೆ ಜಾಗ. ಈ ಸಲ ಕೇಕು ಬೇಡ. ರಾಗಿ ಹಿಟ್ಟು, ಹುರುಳಿ, ಸಾಧ್ಯವಾದರೆ ಅವರೆ ಬೀಜ ತನ್ನಿ. ಕನ್ನಡ ಮಾತನಾಡುವ, ಕೂತು ಕೇಳಿಸಿಕೊಳ್ಳುವ ಹೆಂಗಸರು ನಾಲ್ಕೈದು ಮಂದಿಯಾದರೂ ಬರಬೇಕು. ಹೆಸರನ್ನು ಉಪದೇಶಿಯವರ ಬಳಿ ಬರೆಸಿ. ಎಲೆಕೋಸಿನ ಹುಳುವಿನ ವಿಷಯ ಮುಂದಿನ ತಿಂಗಳು ಖಂಡಿತ.